ಪ್ರೋಬ್ ಸೋತಾಗ ಮೆಮೊರಿ ಯಾರ ಹೊಣೆ?

ಓದುಗರ ಪ್ರಶ್ನೆ – ನಮ್ಮ ಉತ್ತರ: ಲಿನಕ್ಸ್ ಡ್ರೈವರ್ ವಿಶೇಷ

ಈ ಬಾರಿ ಬಂದ ಪ್ರಶ್ನೆಗಳು ಬೇರೆ ಬೇರೆ ಊರಿನವಾದರೂ ಬಹುಪಾಲು ಒಂದೇ ಜಾಗಕ್ಕೆ ಬಂದು ನಿಂತಿವೆ: ಡ್ರೈವರ್ ಶುರುವಾಗುವ ಹೊತ್ತಿನಲ್ಲಿ, ಅಂದರೆ ಡಿವೈಸನ್ನು ಸಿದ್ಧಪಡಿಸಲು ಕರ್ನಲ್ ಅದರ ಪ್ರೋಬ್ ಫಂಕ್ಷನ್ನನ್ನು ಕರೆದಾಗ, ನಡುವೆ ಎಲ್ಲೋ ಎಡವಿದರೆ, ಅಷ್ಟರೊಳಗೆ ತೆಗೆದುಕೊಂಡದ್ದನ್ನೆಲ್ಲ ಹಿಂತಿರುಗಿಸುವುದು ಹೇಗೆ? ಹಾಗಾಗಿ ಅವನ್ನೆಲ್ಲ ಒಟ್ಟಿಗೇ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನಮ್ಮದು ಸೆನ್ಸರ್ ಬೋರ್ಡಿನ ಪ್ಲಾಟ್‌ಫಾರ್ಮ್ ಡ್ರೈವರ್. ಪ್ರೋಬ್ ಫಂಕ್ಷನ್ನಿನಲ್ಲಿ ಐದು ಹಂತಗಳಿವೆ: ಕೆಝಾಲಾಕ್‌ನಿಂದ (ಕರ್ನಲ್ ಮೆಮೊರಿ ಕೊಡುವ ಫಂಕ್ಷನ್) ಖಾಸಗಿ ಸ್ಟ್ರಕ್ಚರ್, 4096 ಬೈಟಿನ ಬಫರ್, ಕ್ಲಾಕ್ ಆನ್, ಇಂಟರಪ್ಟ್ ನೋಂದಣಿ, ಕೊನೆಗೆ ಮಿಸ್ಕ್ ಡಿವೈಸ್ ನೋಂದಣಿ. ಇಂಟರಪ್ಟ್ ಸಿಗದಿದ್ದರೆ ನೇರವಾಗಿ ರಿಟರ್ನ್ ಮಾಡುತ್ತೇವೆ. ಮಾಡ್ಯೂಲ್ ಹಾಕಿ ತೆಗೆದಷ್ಟೂ ಸ್ಲ್ಯಾಬ್ (ಕರ್ನಲ್‌ನ ಸಣ್ಣ ಮೆಮೊರಿ ತುಂಡುಗಳ ಸಂಗ್ರಹ) ಲೆಕ್ಕ ಏರುತ್ತಲೇ ಇದೆ. ಸರಿಯಾಗಿ ಬರೆಯುವ ಕ್ರಮ ಯಾವುದು? (ಹುಬ್ಬಳ್ಳಿಯ ಓದುಗರು)

ಉತ್ತರ: ಮಾಡ್ಯೂಲ್ ತೆಗೆದರೆ ಅದು ಪಡೆದ ಮೆಮೊರಿಯೂ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ಕೆಝಾಲಾಕ್ ಕೊಟ್ಟ ತುಂಡು ಯಾವ ಮಾಡ್ಯೂಲಿನದು ಎಂಬ ಲೆಕ್ಕವನ್ನು ಕರ್ನಲ್ ಇಟ್ಟುಕೊಳ್ಳುವುದಿಲ್ಲ. ಬಳಕೆದಾರರ ಪ್ರೋಗ್ರಾಮ್ ಸತ್ತರೆ ಅದರ ಮೆಮೊರಿ ತಾನಾಗಿ ವಾಪಸಾಗುತ್ತದೆ. ಡ್ರೈವರ್ ಕಳೆದುಕೊಂಡ ಪಾಯಿಂಟರ್ ಮಾತ್ರ ರೀಬೂಟ್ ಆಗುವವರೆಗೂ ಕಳೆದದ್ದೇ.

ಕ್ರಮ ಸರಳ. ಪಡೆದ ಅನುಕ್ರಮಕ್ಕೆ ತಿರುವುಮುರುವಾಗಿ ಬಿಡಬೇಕು, ಬಿಡುವ ಸಾಲುಗಳೆಲ್ಲ ಫಂಕ್ಷನ್ನಿನ ತುದಿಯಲ್ಲಿ ಒಂದೇ ಕಡೆ ಇರಬೇಕು, ಅಲ್ಲಿಗೆ ಗೋಟೂ (ಲೇಬಲ್ಲಿಗೆ ನೇರ ಹಾರುವ ಸಿ ಆಜ್ಞೆ) ಮೂಲಕ ಹೋಗಬೇಕು. ಉಳಿದೆಡೆ ಗೋಟೂ ಕಂಡರೆ ಮುಖ ಸಿಂಡರಿಸುವವರೂ ಕರ್ನಲ್‌ನಲ್ಲಿ ಇದನ್ನು ಒಪ್ಪುತ್ತಾರೆ. ಕರ್ನಲ್‌ನ ಕೋಡಿಂಗ್ ಶೈಲಿಯ ದಾಖಲೆಯೇ ಇದನ್ನು ಹೇಳುತ್ತದೆ. ನಿಮ್ಮ ಪ್ರೋಬ್‌ನ ಬಾಲ ಹೀಗಿರಲಿ: ಮೊದಲ ಲೇಬಲ್ಲಿನಲ್ಲಿ ಫ್ರೀ_ಐಆರ್‌ಕ್ಯು (ಇಂಟರಪ್ಟ್ ಬಿಡುಗಡೆ), ಎರಡನೆಯದರಲ್ಲಿ ಕ್ಲಾಕ್ ಆಫ್, ಮೂರನೆಯದರಲ್ಲಿ ಬಫರಿನ ಕೆಫ್ರೀ (ಮೆಮೊರಿ ಬಿಡುಗಡೆ), ನಾಲ್ಕನೆಯದರಲ್ಲಿ ಸ್ಟ್ರಕ್ಚರಿನ ಕೆಫ್ರೀ, ಕೊನೆಗೆ ಎರರ್ ಸಂಖ್ಯೆ ರಿಟರ್ನ್. ಮಿಸ್ಕ್ ನೋಂದಣಿ ಸೋತರೆ ಮೊದಲ ಲೇಬಲ್ಲಿಗೆ, ಇಂಟರಪ್ಟ್ ಸೋತರೆ ಎರಡನೆಯದಕ್ಕೆ, ಕ್ಲಾಕ್ ಸೋತರೆ ಮೂರನೆಯದಕ್ಕೆ ಹಾರಬೇಕು. ಬಫರ್ ಸಿಗದಿದ್ದರೆ ನಾಲ್ಕನೆಯದು. ಸ್ಟ್ರಕ್ಚರೇ ಸಿಗದಿದ್ದರೆ ಬಿಡಲು ಏನೂ ಇಲ್ಲ, ನೇರ ರಿಟರ್ನ್ ಸಾಕು.

ಎಡವುವುದು ಎಲ್ಲಿ ಎಂದರೆ, ಸೋತ ಹಂತದ ಲೇಬಲ್ಲಿಗೇ ಹಾರುವುದರಲ್ಲಿ. ಕ್ಲಾಕ್ ಆನ್ ಆಗಲಿಲ್ಲ ಎಂದಾದಾಗ ಕ್ಲಾಕ್ ಆಫ್ ಮಾಡುವ ಲೇಬಲ್ಲಿಗೆ ಹೋದರೆ, ಆಗಲೇ ಆಫ್ ಆಗಿರುವುದನ್ನು ಮತ್ತೆ ಆಫ್ ಮಾಡುತ್ತಿದ್ದೀರಿ ಎಂದು ಕರ್ನಲ್ ಲಾಗಿನಲ್ಲಿ ಎಚ್ಚರಿಕೆ ಬೀಳುತ್ತದೆ. ಸೋತ ಹಂತ ತನ್ನ ಕೊಳೆಯನ್ನು ತಾನೇ ತೊಳೆದುಕೊಂಡಿರುತ್ತದೆ. ನೀವು ಬಿಡಬೇಕಾದದ್ದು ಅದರ ಹಿಂದಿನ, ಗೆದ್ದ ಹಂತವನ್ನು. ಆದ್ದರಿಂದ ಲೇಬಲ್ಲಿಗೆ ಎರರ್1, ಎರರ್2 ಎಂದು ಹೆಸರಿಡಬೇಡಿ. ನಡುವೆ ಒಂದು ಹಂತ ಸೇರಿಸಿದ ದಿನ ಆ ಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ. ಅದು ಏನನ್ನು ಬಿಡುತ್ತದೋ ಅದೇ ಹೆಸರಾಗಲಿ: ಎರರ್_ಫ್ರೀ_ಬಫರ್ ಎಂಬಂತೆ.

ಇನ್ನೊಂದು ತಪ್ಪು ಸೋರಿಕೆಗಿಂತ ಕೆಟ್ಟದ್ದು. ಕೆಝಾಲಾಕ್ ಸೋತರೆ ನಲ್ ಪಾಯಿಂಟರ್ ಬರುತ್ತದೆ, ಎರರ್ ಸಂಖ್ಯೆಯಲ್ಲ. ಆಗ ರೆಟ್ ಎಂಬ ವೇರಿಯಬಲ್ಲಿಗೆ ಮೈನಸ್ ಇನೋಮೆಮ್ (ಮೆಮೊರಿ ಇಲ್ಲ ಎಂಬ ಎರರ್) ಎಂದು ನೀವೇ ತುಂಬದೆ ಗೋಟೂ ಮಾಡಿದರೆ, ಹಿಂದಿನ ಗೆದ್ದ ಹಂತದ ಸೊನ್ನೆ ಅಲ್ಲೇ ಉಳಿದಿರುತ್ತದೆ. ಎಲ್ಲವನ್ನೂ ಫ್ರೀ ಮಾಡಿ ‘ಗೆದ್ದೆ’ ಎಂದು ಸೊನ್ನೆ ಹಿಂತಿರುಗಿಸಿದ ಹಾಗಾಯಿತು. ಕರ್ನಲ್ ಅದನ್ನು ನಂಬಿ ಡ್ರೈವರನ್ನು ಡಿವೈಸಿಗೆ ಕಟ್ಟುತ್ತದೆ. ಮುಂದೆ ಡ್ರೈವರ್ ಕಳಚುವಾಗಿನ ರಿಮೂವ್ ಫಂಕ್ಷನ್ ಓಡಿದಾಗ ಸತ್ತ ಮೆಮೊರಿಯ ಮೇಲೆ ಕೈಯಿಡುತ್ತದೆ.

ರಿಮೂವ್ ಫಂಕ್ಷನ್ನೂ ಇದೇ ತಿರುವುಮುರುವು ಅನುಕ್ರಮದಲ್ಲಿರಲಿ. ಬಫರಿಗಿಂತ ಮೊದಲು ಇಂಟರಪ್ಟ್ ಬಿಡಬೇಕು. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಫ್ರೀ_ಐಆರ್‌ಕ್ಯು ಕಾಯುತ್ತದೆ. ಅದು ಹಿಂತಿರುಗಿದ ಮೇಲೆ ಬಫರನ್ನು ಮುಟ್ಟುವವರು ಯಾರೂ ಉಳಿಯುವುದಿಲ್ಲ. ಬಫರ್ ಮೊದಲು ಹೋದರೆ ಹ್ಯಾಂಡ್ಲರ್ ಅದರೊಳಗೆ ಬರೆಯುತ್ತಲೇ ಇರಬಹುದು.

ಪ್ರಶ್ನೆ: ಎರರ್ ಬರುವುದೇ ಅಪರೂಪ. ಬಂದಾಗ ಇನ್ನೂರು ಬೈಟ್ ಹೋದರೆ ಏನಾಯಿತು ಎಂದು ನಮ್ಮ ತಂಡದ ಹಿರಿಯರು ಕೇಳುತ್ತಾರೆ. ಏನು ಹೇಳಲಿ? (ಬೆಂಗಳೂರಿನ ಓದುಗರು)

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜವಿದೆ. ಜಿಎಫ್‌ಪಿ_ಕರ್ನಲ್ (ಕಾಯಲು ಒಪ್ಪುವ ಮಾಮೂಲಿ ಕೋರಿಕೆ) ಎಂದು ಕೇಳಿದ ಸಣ್ಣ ತುಂಡುಗಳು ಸಾಮಾನ್ಯವಾಗಿ ಸೋಲುವುದೇ ಇಲ್ಲ. ಕರ್ನಲ್ ಹೇಗಾದರೂ ಹೊಂದಿಸಿ ಕೊಡುತ್ತದೆ. ಸಿಎಕ್ಸ್23888 ಎಂಬ ಟಿವಿ ಕಾರ್ಡ್ ಚಿಪ್ಪಿನ ಇನ್‌ಫ್ರಾರೆಡ್ ಡ್ರೈವರನ್ನೇ ನೋಡಿ. ಅದರ ಪ್ರೋಬ್‌ನಲ್ಲಿ ಸ್ಟೇಟ್ ಎಂಬ ಸ್ಟ್ರಕ್ಚರ್ ಪಡೆದ ಮೇಲೆ ಕೆಫೈಫೋ_ಅಲಾಕ್ (ಸರತಿ ಬಫರ್ ಪಡೆಯುವ ಫಂಕ್ಷನ್) ಸೋತರೆ ಸ್ಟೇಟನ್ನು ಬಿಡದೆ ರಿಟರ್ನ್ ಆಗುತ್ತಿತ್ತು. ಇದಕ್ಕೆ ಸಿವಿಇ-2019-19054 ಎಂಬ ಭದ್ರತಾ ದೋಷದ ಸಂಖ್ಯೆ ಸಿಕ್ಕಿತು. ತಿದ್ದುಪಡಿ ಒಂದೇ ಒಂದು ಕೆಫ್ರೀ. ಆ ಸೋಲು ನಿಜ ಬಳಕೆಯಲ್ಲಿ ಎದುರಾಗುವುದು ಬಹಳ ಕಡಿಮೆ.

ಆದರೆ ಪ್ರೋಬ್ ಸೋಲುವುದು ಮೆಮೊರಿ ಇಲ್ಲದೆ ಮಾತ್ರವಲ್ಲ. ನಿಮ್ಮ ಡ್ರೈವರಿಗೆ ಬೇಕಾದ ರೆಗ್ಯುಲೇಟರ್, ಕ್ಲಾಕ್ ಅಥವಾ ಜಿಪಿಐಓ ಇನ್ನೂ ಸಿದ್ಧವಾಗಿಲ್ಲದಿದ್ದರೆ ಮೈನಸ್ ಇಪ್ರೋಬ್_ಡಿಫರ್ ಬರುತ್ತದೆ. ಅಂದರೆ ‘ಈಗ ಬೇಡ, ಆಮೇಲೆ ಬಾ’. ಆಮೇಲೆ ಬೇರೆ ಯಾವುದಾದರೂ ಡ್ರೈವರ್ ಡಿವೈಸಿಗೆ ಕಟ್ಟಿಕೊಂಡಾಗಲೆಲ್ಲ ಕರ್ನಲ್ ನಿಮ್ಮ ಪ್ರೋಬನ್ನು ಮತ್ತೆ ಕರೆಯುತ್ತದೆ. ಎಂಬೆಡೆಡ್ ಬೋರ್ಡುಗಳಲ್ಲಿ ಒಂದೇ ಬೂಟಿನಲ್ಲಿ ಇದು ಹತ್ತಾರು ಬಾರಿ ಆಗುವುದು ಮಾಮೂಲು. ತುಂಡಿನ ಅಳತೆಯನ್ನೂ ಗಮನಿಸಿ: 4100 ಬೈಟ್ ಕೇಳಿದರೆ ಸ್ಲ್ಯಾಬ್ ಕೊಡುವುದು 8192ರ ತುಂಡು. ಅದು 40 ಬಾರಿ ಸೋರಿದರೆ 320 ಕಿಲೋಬೈಟ್. ಕರ್ನಲ್‌ನ ಈ ಮೆಮೊರಿ ಸ್ವಾಪ್‌ಗೂ ಹೋಗುವುದಿಲ್ಲ. 64 ಮೆಗಾಬೈಟ್ ರ್‍ಯಾಮಿನ ಪೆಟ್ಟಿಗೆ ವರ್ಷಗಟ್ಟಲೆ ಆಫ್ ಆಗದೆ ಓಡಬೇಕಾದ ಕಡೆ ಇದನ್ನು ಸಣ್ಣದೆನ್ನಲಾಗದು. ಹಿರಿಯರಿಗೆ ಈ ಗುಣಾಕಾರವನ್ನೇ ತೋರಿಸಿ.

ಪ್ರಶ್ನೆ: ಎಲ್ಲವನ್ನೂ ಡೆವ್‌ಎಂ_ ಕುಟುಂಬದ ಫಂಕ್ಷನ್ನುಗಳಿಗೆ ಬದಲಾಯಿಸಿದರೆ ಈ ಗೋಟೂ ಗೊಡವೆಯೇ ಇರುವುದಿಲ್ಲವಲ್ಲ? (ಮೈಸೂರಿನ ಓದುಗರು)

ಉತ್ತರ: ಪ್ರೋಬ್‌ನ ಮಟ್ಟಿಗೆ ಹೌದು. ಹೊಸ ಡ್ರೈವರ್ ಬರೆಯುವವರಿಗೆ ನಾವೂ ಅದನ್ನೇ ಹೇಳುತ್ತೇವೆ. 2007ರಲ್ಲಿ 2.6.21 ಕರ್ನಲ್‌ನೊಂದಿಗೆ ಬಂದ ಈ ವ್ಯವಸ್ಥೆ, ಪಡೆದ ಪ್ರತಿಯೊಂದನ್ನೂ ಡಿವೈಸಿನ ಪಟ್ಟಿಯಲ್ಲಿ ಬರೆದಿಡುತ್ತದೆ. ಪ್ರೋಬ್ ಸೋತರೆ ಅಥವಾ ಡ್ರೈವರ್ ಕಳಚಿದರೆ ಕೊನೆಯದರಿಂದ ಹಿಂದಕ್ಕೆ ಬಿಡುತ್ತಾ ಬರುತ್ತದೆ. ಹೊಣೆ ನಿಮ್ಮಿಂದ ಡಿವೈಸಿಗೆ ದಾಟಿತು. ಆದರೆ ದಾಟಿದ್ದು ಏನು, ಯಾವಾಗಿನವರೆಗೆ ಎಂಬುದನ್ನು ಮರೆತರೆ ಮೂರು ಕಡೆ ಪೆಟ್ಟು ಬೀಳುತ್ತದೆ.

ಪ್ರೋಬ್‌ನ ಆಚೆ ಅದನ್ನು ಬಳಸುವುದು ಮೊದಲನೆಯದು. ಬಳಕೆದಾರರ ಪ್ರೋಗ್ರಾಮ್ ಕರೆಯುವ ಓಪನ್ ಅಥವಾ ಐಆಕ್ಟಲ್ ಒಳಗೆ ಡೆವ್‌ಎಂ_ಕೆಝಾಲಾಕ್ ಕರೆದರೆ, ಆ ಮೆಮೊರಿ ಫೈಲ್ ಮುಚ್ಚಿದಾಗ ಹೋಗುವುದಿಲ್ಲ. ಡ್ರೈವರ್ ಕಳಚುವವರೆಗೂ ಇರುತ್ತದೆ. ಸಾವಿರ ಬಾರಿ ತೆರೆದು ಮುಚ್ಚಿದರೆ ಸಾವಿರ ತುಂಡು ಕೂತಿರುತ್ತವೆ. ಪಟ್ಟಿಯಲ್ಲಿ ಅವುಗಳ ಗುರುತು ಇರುವುದರಿಂದ ಸೋರಿಕೆ ಹುಡುಕುವ ಸಾಧನಕ್ಕೂ ಇದು ಕಾಣುವುದಿಲ್ಲ. ಹೀಗಾಗಿ ಇದು ಎಲ್ಲಕ್ಕಿಂತ ಹೆಚ್ಚು ಕಾಲ ಅಡಗಿರುವ ಸೋರಿಕೆ.

ಎರಡನೆಯದು ಬೆರಕೆ. ಇಂಟರಪ್ಟನ್ನು ಡೆವ್‌ಎಂ ದಾರಿಯಲ್ಲಿ ಪಡೆದು, ಬಫರನ್ನು ರಿಮೂವ್‌ನಲ್ಲಿ ಕೈಯಾರೆ ಕೆಫ್ರೀ ಮಾಡಿದರೆ ಅನುಕ್ರಮ ಕೆಡುತ್ತದೆ. ರಿಮೂವ್ ಮುಗಿದ ಮೇಲಷ್ಟೇ ಡೆವ್‌ಎಂ ಪಟ್ಟಿ ಬಿಚ್ಚಿಕೊಳ್ಳುವುದು. ಆ ನಡುವೆ ಬಂದ ಇಂಟರಪ್ಟ್ ಸತ್ತ ಬಫರನ್ನು ಮುಟ್ಟುತ್ತದೆ. ಒಂದೋ ಪೂರ್ತಿ ಡೆವ್‌ಎಂ, ಇಲ್ಲವೇ ಬೆರಕೆ ಶುರುವಾದ ಸಾಲಿನಿಂದ ಕೆಳಗೆ ಎಲ್ಲವೂ ಕೈಯಾರೆ. ಡೆವ್‌ಎಂ ರೂಪವೇ ಇಲ್ಲದ ಕೆಲಸಕ್ಕೆ ಡೆವ್‌ಎಂ_ಆ್ಯಡ್_ಆ್ಯಕ್ಷನ್_ಆರ್_ರೀಸೆಟ್ ಇದೆ. ಪಟ್ಟಿಗೆ ಸೇರಿಸಲು ಸೋತರೆ ಅದು ನಿಮ್ಮ ಬಿಡುಗಡೆ ಫಂಕ್ಷನ್ನನ್ನು ತಾನೇ ಕರೆದುಬಿಡುತ್ತದೆ. ನೀವು ಮತ್ತೆ ಕರೆದರೆ ಎರಡು ಸಲ ಬಿಟ್ಟಂತಾಗುತ್ತದೆ.

ಮೂರನೆಯದು ಆಯುಷ್ಯ. ಬಳಕೆದಾರರ ಪ್ರೋಗ್ರಾಮ್ ಫೈಲನ್ನು ತೆರೆದುಕೊಂಡು ಕೂತಿರುವಾಗಲೇ ಯಾರೋ ಯುಎಸ್‌ಬಿ ಕಿತ್ತರೆ ಡೆವ್‌ಎಂ ಮೆಮೊರಿ ಆ ಕ್ಷಣವೇ ಹೋಗುತ್ತದೆ, ಫೈಲ್ ಮಾತ್ರ ಉಳಿಯುತ್ತದೆ. ಫೈಲಿನ ಕಡೆಯಿಂದ ಮುಟ್ಟುವ ಸ್ಟ್ರಕ್ಚರನ್ನು ಡೆವ್‌ಎಂನಲ್ಲಿ ಇಡದೆ ರೆಫರೆನ್ಸ್ ಎಣಿಕೆಗೆ (ಬಳಸುತ್ತಿರುವವರ ಲೆಕ್ಕ; ಅದು ಸೊನ್ನೆಯಾದಾಗ ಮಾತ್ರ ಬಿಡುಗಡೆ) ಒಪ್ಪಿಸಿ.

ಪ್ರಶ್ನೆ: ಡಿವೈಸ್_ರಿಜಿಸ್ಟರ್ ಸೋತಾಗ ನಾನು ಸ್ಟ್ರಕ್ಚರನ್ನು ಕೆಫ್ರೀ ಮಾಡುತ್ತಿದ್ದೇನೆ. ಆದರೂ ಕೆಮೆಮ್‌ಲೀಕ್ (ಕರ್ನಲ್‌ನ ಸೋರಿಕೆ ಹುಡುಕುವ ಸಾಧನ) ಒಂದು ಪುಟ್ಟ ತುಂಡನ್ನು ತೋರಿಸುತ್ತಿದೆ. ಅದರ ಹೆಕ್ಸ್ ಡಂಪಿನ ಪಕ್ಕ ನನ್ನ ಡಿವೈಸಿನ ಹೆಸರೇ ಕಾಣುತ್ತಿದೆ! (ಮಂಗಳೂರಿನ ವಿದ್ಯಾರ್ಥಿನಿ)

ಉತ್ತರ: ಸುಳಿವು ನಿಮ್ಮ ಕಣ್ಣೆದುರೇ ಇದೆ. ಡೆವ್_ಸೆಟ್_ನೇಮ್ ಹೆಸರಿಗೆಂದು ಬೇರೆಯೇ ಮೆಮೊರಿ ಪಡೆಯುತ್ತದೆ. ನೀವು ಹೊರಗಿನ ಸ್ಟ್ರಕ್ಚರನ್ನು ಕೆಫ್ರೀ ಮಾಡಿದಾಗ ಹೆಸರಿನ ಕಡೆಗಿದ್ದ ಪಾಯಿಂಟರೂ ಅದರೊಂದಿಗೆ ಹೋಯಿತು, ಹೆಸರು ಅನಾಥವಾಯಿತು.

ಡಿವೈಸ್_ರಿಜಿಸ್ಟರ್ ಒಳಗೆ ಎರಡು ಕೆಲಸ ಇವೆ: ಡಿವೈಸ್_ಇನಿಷಿಯಲೈಸ್, ಆಮೇಲೆ ಡಿವೈಸ್_ಆ್ಯಡ್. ಮೊದಲನೆಯದು ಆದ ಕ್ಷಣದಿಂದ ಆ ಸ್ಟ್ರಕ್ಚರ್ ರೆಫರೆನ್ಸ್ ಎಣಿಕೆಯ ಸ್ವತ್ತು, ನಿಮ್ಮದಲ್ಲ. ಎರಡನೆಯದು ಸೋತರೂ ಅಷ್ಟೇ. ಆಗ ಮಾಡಬೇಕಾದದ್ದು ಪುಟ್_ಡಿವೈಸ್ ಒಂದೇ. ಎಣಿಕೆ ಸೊನ್ನೆಗೆ ಇಳಿದಾಗ ನಿಮ್ಮ ರಿಲೀಸ್ ಫಂಕ್ಷನ್ ಓಡಿ ಸ್ಟ್ರಕ್ಚರನ್ನು ಬಿಡುತ್ತದೆ, ಹೆಸರನ್ನು ಕರ್ನಲ್ ಬಿಡುತ್ತದೆ. ಪುಟ್_ಡಿವೈಸ್ ಆದ ಮೇಲೆ ಹಳೆಯ ಕೆಫ್ರೀ ಸಾಲನ್ನು ಅಳಿಸಲು ಮರೆಯಬೇಡಿ. ಮರೆತರೆ ಸೋರಿಕೆ ಹೋಗಿ, ಒಂದೇ ಮೆಮೊರಿಯನ್ನು ಎರಡು ಸಲ ಬಿಡುವ ಡಬಲ್ ಫ್ರೀ ಬರುತ್ತದೆ. ಕೆಆಬ್ಜೆಕ್ಟ್_ಇನಿಟ್_ಆ್ಯಂಡ್_ಆ್ಯಡ್‌ಗೂ ಇದೇ ನಿಯಮ: ಸೋತರೂ ಕೆಆಬ್ಜೆಕ್ಟ್_ಪುಟ್.

ಪ್ರಶ್ನೆ: ಎರರ್ ದಾರಿಯನ್ನು ಬರೆದಿದ್ದೇನೆ, ಆದರೆ ಅದು ಒಮ್ಮೆಯೂ ಓಡಿಲ್ಲ. ಬೇಕೆಂದೇ ಸೋಲಿಸಿ ನೋಡುವ ವಿಧಾನ ಇದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಇದು ನಮಗೆ ಬಂದ ಪ್ರಶ್ನೆಗಳಲ್ಲೆಲ್ಲ ಮುಖ್ಯವಾದದ್ದು. ಓಡದ ಕೋಡು ಸರಿಯಿದೆ ಎಂದು ಹೇಳಲು ಯಾರಿಂದಲೂ ಆಗದು.

ಕರ್ನಲ್ ಕಟ್ಟುವಾಗ ನಾಲ್ಕು ಆಯ್ಕೆಗಳನ್ನು ಆನ್ ಮಾಡಿ: ಡೀಬಗ್_ಕೆಮೆಮ್‌ಲೀಕ್, ಫಾಲ್ಟ್_ಇಂಜೆಕ್ಷನ್, ಫೇಲ್‌ಸ್ಲ್ಯಾಬ್ (ಮೆಮೊರಿ ಕೋರಿಕೆಯನ್ನು ಬೇಕೆಂದೇ ಸೋಲಿಸುವ ಸೌಲಭ್ಯ), ಫಾಲ್ಟ್_ಇಂಜೆಕ್ಷನ್_ಡೀಬಗ್_ಎಫ್‌ಎಸ್. ಹಾರ್ಡ್‌ವೇರ್ ಅನಿವಾರ್ಯವಲ್ಲದಿದ್ದರೆ ಕ್ಯೂಎಮು ಎಂಬ ವರ್ಚುವಲ್ ಯಂತ್ರದ ಒಳಗೇ ಓಡಿಸಿ. ಎಷ್ಟು ಸಲ ಬಿದ್ದರೂ ಚಿಂತೆಯಿಲ್ಲ. ಡೀಬಗ್‌ಎಫ್‌ಎಸ್ (ಕರ್ನಲ್‌ನ ಡೀಬಗ್ ಫೈಲುಗಳಿರುವ ಫೈಲ್ ವ್ಯವಸ್ಥೆ) ಮೌಂಟ್ ಆಗಿರಲಿ.

ಮೊದಲು ಕೆಮೆಮ್‌ಲೀಕ್ ಫೈಲಿಗೆ ಕ್ಲಿಯರ್ ಎಂದು ಬರೆದು ಹಳೆಯ ವರದಿಗಳನ್ನು ಒರೆಸಿ. ಆಮೇಲೆ ಫೇಲ್‌ಸ್ಲ್ಯಾಬ್ ಡೈರೆಕ್ಟರಿಯ ಇಗ್ನೋರ್-ಜಿಎಫ್‌ಪಿ-ವೇಟ್ ಎಂಬ ಫೈಲಿಗೆ ಎನ್ ಬರೆಯಿರಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಅದರ ಮೂಲ ಬೆಲೆ ವೈ. ಹಾಗೆ ಬಿಟ್ಟರೆ ನಿದ್ರಿಸಬಲ್ಲ ಕೋರಿಕೆಗಳು, ಅಂದರೆ ಪ್ರೋಬ್‌ನಲ್ಲಿ ನೀವು ಬಳಸುವ ಜಿಎಫ್‌ಪಿ_ಕರ್ನಲ್ ಎಲ್ಲವೂ, ಸೋಲುವುದೇ ಇಲ್ಲ. ಇಡೀ ದಿನ ಪರೀಕ್ಷಿಸಿ ‘ಸೋರಿಕೆ ಇಲ್ಲ’ ಎಂಬ ಸುಳ್ಳು ನೆಮ್ಮದಿ ಸಿಗುತ್ತದೆ.

ಈಗ ಫೇಲ್-ಎನ್‌ತ್. ಶೆಲ್ಲಿನಿಂದ ಪ್ರೊಕ್ ಡೈರೆಕ್ಟರಿಯ ಸೆಲ್ಫ್ ಒಳಗಿನ ಫೇಲ್-ಎನ್‌ತ್ ಫೈಲಿಗೆ 1 ಎಂದು ಬರೆದರೆ, ಆ ಟಾಸ್ಕ್ ಮಾಡುವ ಮುಂದಿನ ಮೊದಲ ಕೋರಿಕೆ ಸೋಲುತ್ತದೆ; 7 ಎಂದು ಬರೆದರೆ ಏಳನೆಯದು. ತಕ್ಷಣ ಅದೇ ಶೆಲ್ಲಿನಿಂದ, ಅದರ ಒಳಗಿನ ಎಕೋ ಆಜ್ಞೆಯಿಂದಲೇ, ಡ್ರೈವರಿನ ಬೈಂಡ್ ಫೈಲಿಗೆ ಡಿವೈಸಿನ ಹೆಸರು ಬರೆಯಿರಿ, ಆಗ ಪ್ರೋಬ್ ಓಡುತ್ತದೆ. ಬೇರೆ ಪ್ರೋಗ್ರಾಮನ್ನು ಕರೆದರೆ ಹೊಸ ಟಾಸ್ಕ್ ಹುಟ್ಟುತ್ತದೆ, ಅದರಲ್ಲಿ ಈ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಬೈಂಡ್ ಆದ ಮೇಲೆ ಫೇಲ್-ಎನ್‌ತ್ ಓದಿ: ಸೊನ್ನೆ ಬಂದರೆ ಸೋಲು ಬಿದ್ದಿದೆ, ಸೊನ್ನೆಗಿಂತ ಹೆಚ್ಚಿದ್ದರೆ ಅಷ್ಟು ಕೋರಿಕೆಗಳೇ ಆಗಲಿಲ್ಲ, ಲೂಪ್ ನಿಲ್ಲಿಸಬಹುದು. ಓದಿದ ಮೇಲೆ ಸೊನ್ನೆ ಬರೆದು ಆರಿಸಿ. ಡ್ರೈವರ್ ಕಟ್ಟಿಕೊಂಡಿದ್ದರೆ ಅನ್‌ಬೈಂಡ್ ಮಾಡಿ, ಸಂಖ್ಯೆ ಒಂದು ಏರಿಸಿ, ಮತ್ತೆ. ಮೊದಲ ಕೆಲವು ಸಂಖ್ಯೆಗಳು ಬೈಂಡ್ ಫೈಲ್ ತೆರೆಯುವುದರಲ್ಲೇ ಸೋಲುತ್ತವೆ. ಗಾಬರಿ ಬೇಡ, ಮುಂದುವರಿಸಿ.

ಲೂಪ್ ಮುಗಿದ ಮೇಲೆ ಹತ್ತು ಸೆಕೆಂಡ್ ಬಿಟ್ಟು ಕೆಮೆಮ್‌ಲೀಕ್‌ಗೆ ಸ್ಕ್ಯಾನ್ ಎಂದು ಬರೆಯಿರಿ. ಐದು ಸೆಕೆಂಡಿಗಿಂತ ಎಳೆಯ ತುಂಡನ್ನು ಅದು ವರದಿ ಮಾಡುವುದಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿದರೆ ಒಳ್ಳೆಯದು: ಸ್ಟ್ಯಾಕಿನಲ್ಲಿ ಉಳಿದ ಹಳೆಯ ಪಾಯಿಂಟರ್ ಒಮ್ಮೊಮ್ಮೆ ಸೋರಿಕೆಯನ್ನು ಮರೆಮಾಚುತ್ತದೆ. ವರದಿಯಲ್ಲಿ ತುಂಡಿನ ಅಳತೆ, ಪಡೆದ ಟಾಸ್ಕ್, ಬ್ಯಾಕ್‌ಟ್ರೇಸ್ ಇರುತ್ತವೆ. ಬ್ಯಾಕ್‌ಟ್ರೇಸ್ ಹೇಳುವುದು ಎಲ್ಲಿ ಪಡೆದದ್ದು ಎಂದಷ್ಟೇ. ಎಲ್ಲಿ ಬಿಡಲು ಮರೆತದ್ದು ಎಂಬುದನ್ನು ಸೋತ ಸಂಖ್ಯೆಯಿಂದ ನೀವೇ ಹೊಂದಿಸಿಕೊಳ್ಳಬೇಕು. ಅದಕ್ಕೇ ಸಂಶಯ ಬಂದ ಸಂಖ್ಯೆಯನ್ನು ಪ್ರತ್ಯೇಕವಾಗಿ ಮತ್ತೊಮ್ಮೆ ಓಡಿಸಿ.

ಎರಡು ಮಿತಿಗಳಿವೆ. ಹಲವು ನ್ಯೂಮಾ ನೋಡ್ (ತಮ್ಮದೇ ಮೆಮೊರಿ ಇರುವ ಸಿಪಿಯು ಗುಂಪು) ಇರುವ ಯಂತ್ರದಲ್ಲಿ ಪಿಸಿಐ ಪ್ರೋಬ್ ಬೇರೆ ಸಿಪಿಯುವಿನ ವರ್ಕ್‌ಕ್ಯೂನಲ್ಲಿ ಓಡಬಹುದು. ಆಗ ನಿಮ್ಮ ಟಾಸ್ಕಿನ ಎಣಿಕೆ ಅದಕ್ಕೆ ತಾಗುವುದಿಲ್ಲ. ಇನ್ನು ಕೆಮೆಮ್‌ಲೀಕ್‌ಗೆ ಅಲಾಕ್_ಪೇಜಸ್‌ನಿಂದ ನೇರ ಪಡೆದ ಪುಟಗಳು, ಐಓರೀಮ್ಯಾಪ್ ಕಾಣುವುದಿಲ್ಲ. ಡಿಎಂಎಗೆ ಡಿಎಂಎ_ಎಪಿಐ_ಡೀಬಗ್ ಆಯ್ಕೆ ಹಾಕಿ, ಕ್ಲಾಕಿಗೆ ಡೀಬಗ್‌ಎಫ್‌ಎಸ್‌ನ ಕ್ಲಾಕ್ ಸಮ್ಮರಿಯಲ್ಲಿ ಆನ್ ಎಣಿಕೆಯನ್ನು ಮೊದಲೂ ಆಮೇಲೂ ಹೋಲಿಸಿ.

ಪ್ರಶ್ನೆ: ಯುಎಸ್‌ಬಿ ಡ್ರೈವರಿನಲ್ಲಿ 8 ಯುಆರ್‌ಬಿಗಳನ್ನು (ಯುಎಸ್‌ಬಿ ಕೋರಿಕೆಯ ಸ್ಟ್ರಕ್ಚರುಗಳು) ಲೂಪಿನಲ್ಲಿ ಪಡೆಯುತ್ತೇನೆ. ನಡುವೆ ಸೋತರೆ ಒಂದೇ ಒಂದು ಮಾತ್ರ ಉಳಿದುಬಿಡುತ್ತದೆ. (ಬೆಳಗಾವಿಯ ಓದುಗರು)

ಉತ್ತರ: ನಿಮ್ಮ ಬಿಚ್ಚುವ ಲೂಪ್ ‘ವೈಲ್ (--ಐ)’ ಎಂದಿರಬೇಕು. ಐ 5ರಲ್ಲಿ ಸೋತರೆ 4, 3, 2, 1 ಬಿಟ್ಟು ಸೊನ್ನೆಯಲ್ಲಿ ನಿಲ್ಲುತ್ತದೆ, ಸೊನ್ನೆಯನೆಯದು ಉಳಿಯುತ್ತದೆ. ‘ವೈಲ್ (ಐ--)’ ಎಂದು ಬರೆಯಿರಿ. ಅದನ್ನು ಬಿಟ್ಟು ‘--ಐ >= 0’ ಎಂದು ತಿದ್ದಿದರೆ, ಐ ಅನ್‌ಸೈನ್ಡ್ ಆಗಿದ್ದ ಪಕ್ಷದಲ್ಲಿ ಲೂಪ್ ಮುಗಿಯುವುದೇ ಇಲ್ಲ.

ಇನ್ನೊಂದು ವಿಷಯ: ಯುಎಸ್‌ಬಿ_ಸಬ್ಮಿಟ್_ಯುಆರ್‌ಬಿ ಸೋತರೆ ಕಂಪ್ಲೀಷನ್ ಹ್ಯಾಂಡ್ಲರ್ ಓಡುವುದಿಲ್ಲ. ಬಫರನ್ನು ಅಲ್ಲಿ ಬಿಡುತ್ತಿದ್ದರೆ ಈ ದಾರಿಯಲ್ಲಿ ನೀವೇ ಬಿಡಬೇಕು.

ಪ್ರಶ್ನೆ: ಪಿಎಂ_ರನ್‌ಟೈಮ್_ಗೆಟ್_ಸಿಂಕ್ (ಡಿವೈಸನ್ನು ಎಬ್ಬಿಸಿ ಬಳಕೆಯ ಎಣಿಕೆ ಏರಿಸುವ ಫಂಕ್ಷನ್) ಸೋತರೆ ಪುಟ್ ಬೇಕೇ ಬೇಡವೇ? (ತುಮಕೂರಿನ ಓದುಗರು)

ಉತ್ತರ: ಬೇಕು. ಅದು ಸೋತರೂ ಎಣಿಕೆಯನ್ನು ಏರಿಸಿರುತ್ತದೆ. 5.10 ಕರ್ನಲ್‌ನಿಂದ ಪಿಎಂ_ರನ್‌ಟೈಮ್_ರೆಸ್ಯೂಮ್_ಆ್ಯಂಡ್_ಗೆಟ್ ಇದೆ. ಸೋತರೆ ಎಣಿಕೆಯನ್ನು ತಾನೇ ಇಳಿಸುತ್ತದೆ. ಅದನ್ನೇ ಬಳಸಿ, ಆಗ ಪುಟ್ ಬೇಡ. ಇದೇ ಜಾತಿಯ ಮರೆವು ಹಾರ್ಡ್‌ವೇರನ್ನು ವಿವರಿಸುವ ಡಿವೈಸ್ ಟ್ರೀಯಲ್ಲೂ ಇದೆ: ಫಾರ್_ಈಚ್_ಚೈಲ್ಡ್_ಆಫ್_ನೋಡ್ ಲೂಪಿನಿಂದ ನಡುವೆ ಬ್ರೇಕ್ ಅಥವಾ ರಿಟರ್ನ್ ಮಾಡಿದರೆ ಕೈಯಲ್ಲಿರುವ ನೋಡಿಗೆ ಓಎಫ್_ನೋಡ್_ಪುಟ್ ಕರೆಯಬೇಕು. ಲೂಪ್ ಪೂರ್ತಿ ಓಡಿದರೆ ಬೇಕಿಲ್ಲ.

ಪ್ರಶ್ನೆ: ಹೊಸ ಕರ್ನಲ್‌ನ __ಫ್ರೀ ಗುರುತನ್ನು ಹಳೆಯ ಡ್ರೈವರಿಗೆ ಸೇರಿಸಬಹುದೇ? (ಪುಣೆಯಲ್ಲಿರುವ ಕನ್ನಡಿಗರು)

ಉತ್ತರ: 2023ರ 6.5ರಿಂದ ಇದು ಲಭ್ಯ. ಪಾಯಿಂಟರ್ ಘೋಷಣೆಗೆ __ಫ್ರೀ(ಕೆಫ್ರೀ) ಎಂದು ಅಂಟಿಸಿದರೆ, ಆ ಬ್ಲಾಕಿನಿಂದ ಯಾವ ದಾರಿಯಲ್ಲಿ ಹೊರಬಿದ್ದರೂ ಕಂಪೈಲರೇ ಕೆಫ್ರೀ ಕರೆಯುತ್ತದೆ. ಗೆದ್ದಾಗ ಹೊಣೆಯನ್ನು ದಾಟಿಸಲು ನೋ_ಫ್ರೀ_ಪಿಟಿಆರ್. ಅದನ್ನು ಮರೆತರೆ ಗೆದ್ದ ದಾರಿಯಲ್ಲೇ ಮೆಮೊರಿ ಹೋಗುತ್ತದೆ. ಪಾಯಿಂಟರನ್ನು ಫಂಕ್ಷನ್ನಿನ ತಲೆಯಲ್ಲಿ ಬೆಲೆಯಿಲ್ಲದೆ ಘೋಷಿಸಬೇಡಿ: ಅದಕ್ಕೆ ಬೆಲೆ ಬರುವ ಮೊದಲೇ ರಿಟರ್ನ್ ಆದರೆ ಕಸದ ವಿಳಾಸಕ್ಕೆ ಕೆಫ್ರೀ ಬೀಳುತ್ತದೆ. ಪಡೆಯುವ ಸಾಲಿನಲ್ಲೇ ಘೋಷಿಸಿ; ಬಿಡುವ ಅನುಕ್ರಮ ಘೋಷಣೆಯ ತಿರುವುಮುರುವಾದ್ದರಿಂದ ಅದೂ ಸರಿಹೋಗುತ್ತದೆ. ಒಂದೇ ಫಂಕ್ಷನ್ನಿನಲ್ಲಿ ಗೋಟೂ ಮತ್ತು __ಫ್ರೀ ಎರಡನ್ನೂ ಇಡಬೇಡಿ. ಚೆನ್ನಾಗಿ ಓಡುತ್ತಿರುವ ಹಳೆಯ ಡ್ರೈವರನ್ನು ಇದಕ್ಕಾಗಿಯೇ ಬದಲಾಯಿಸುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ; ಹೊಸ ಫಂಕ್ಷನ್ನಿನಿಂದ ಶುರು ಮಾಡಿ.

ಪ್ರಶ್ನೆ: ಮುಖ್ಯ ಕರ್ನಲ್‌ನ ಒಂದು ಡ್ರೈವರಿನಲ್ಲಿ ಇಂಥದೇ ಸೋರಿಕೆ ಕಂಡಿದ್ದೇನೆ. ಪ್ಯಾಚ್ ಕಳಿಸಲು ಏನೇನು ಬೇಕು? (ದಾವಣಗೆರೆಯ ವಿದ್ಯಾರ್ಥಿ)

ಉತ್ತರ: ಮೊದಲು ಅದು ನಿಜವಾದ ಸೋರಿಕೆಯೇ ಎಂದು ಖಚಿತಪಡಿಸಿಕೊಳ್ಳಿ. ಫಂಕ್ಷನ್ ಕರೆದವರು ಸೋತಾಗ ಬಿಡುತ್ತಿದ್ದಾರೆಯೇ? ರಿಲೀಸ್ ಫಂಕ್ಷನ್ ಬಿಡುತ್ತದೆಯೇ? ಡೆವ್‌ಎಂ ಆಗಿದೆಯೇ? ಕೋಡನ್ನು ಓಡಿಸದೆಯೇ ಪರೀಕ್ಷಿಸುವ ಸ್ಮ್ಯಾಚ್ ಸಾಧನ ‘ಮಿಸ್ಸಿಂಗ್ ಅನ್‌ವೈಂಡ್ ಗೋಟೂ?’ ಎಂದು ಕೇಳಿದ್ದೇ ಸಾಕ್ಷಿಯಲ್ಲ. ಅದರ ಕೊನೆಯಲ್ಲಿರುವ ಪ್ರಶ್ನೆಚಿಹ್ನೆಗೆ ಅರ್ಥವಿದೆ. ಬೇಡದ ಕಡೆ ಒಂದು ಕೆಫ್ರೀ ಸೇರಿಸಿದರೆ ಸೋರಿಕೆಗಿಂತ ಅಪಾಯಕಾರಿಯಾದ ದೋಷ ಹುಟ್ಟುತ್ತದೆ. 2020ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಸಣ್ಣ ತಿದ್ದುಪಡಿಯಂತೆ ಕಾಣುವ ಆದರೆ ಸತ್ತ ಮೆಮೊರಿ ಬಳಸುವ ದೋಷ ಸೇರಿಸುವ ಪ್ಯಾಚುಗಳನ್ನು ಬೇಕೆಂದೇ ಕಳಿಸಿ ನೋಡಿದ್ದರು. 2021ರ ಏಪ್ರಿಲ್‌ನಲ್ಲಿ ಅದು ದೊಡ್ಡ ವಿವಾದವಾಯಿತು. ಅಂದಿನಿಂದ ಇಂಥ ಒಂದು ಸಾಲಿನ ಪ್ಯಾಚನ್ನು ಮೇಂಟೇನರ್‌ಗಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಅದು ಸರಿಯೇ.

ಪ್ಯಾಚಿನ ವಿವರಣೆಯಲ್ಲಿ ಯಾವ ಹಂತ ಸೋತಾಗ ಯಾವ ತುಂಡು ಉಳಿಯುತ್ತದೆ ಎಂದು ಎರಡು ವಾಕ್ಯ ಬರೆಯಿರಿ. ಹೇಗೆ ಕಂಡುಹಿಡಿದಿರಿ, ಹಾರ್ಡ್‌ವೇರಿನಲ್ಲಿ ಓಡಿಸಿದ್ದೀರಾ ಅಥವಾ ಬರೀ ಕಂಪೈಲ್ ಮಾಡಿದ್ದೀರಾ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಗಿಟ್ ಬ್ಲೇಮ್ ಮಾಡಿ ದೋಷ ತಂದ ಕಮಿಟ್ ಹುಡುಕಿ, ಅದರ ಗುರುತಿನ ಮೊದಲ 12 ಅಕ್ಷರ ಮತ್ತು ಶೀರ್ಷಿಕೆಯೊಂದಿಗೆ ಫಿಕ್ಸಸ್ ಸಾಲು ಸೇರಿಸಿ. ಚೆಕ್‌ಪ್ಯಾಚ್ ಓಡಿಸಿ, ಗೆಟ್_ಮೇಂಟೇನರ್ ಕೊಡುವ ವಿಳಾಸಗಳಿಗೆ ಗಿಟ್ ಸೆಂಡ್-ಇಮೇಲ್‌ನಿಂದ ಕಳಿಸಿ. ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಲಿ. ಪಕ್ಕದಲ್ಲಿ ಕಂಡ ಸ್ಪೇಸಿನ ತಪ್ಪನ್ನು ಅದರೊಳಗೆ ಸೇರಿಸಬೇಡಿ. ಎರಡು ವಾರ ಉತ್ತರ ಬಾರದಿದ್ದರೆ ಅದೇ ಎಳೆಯಲ್ಲಿ ವಿನಯದಿಂದ ಒಮ್ಮೆ ನೆನಪಿಸಿ.